ಮಿಶ್ರಣದ ಲೆಕ್ಕ

ಮಾಘಮಾಸ ಕಳೆದು ಫಾಲ್ಗುಣ ಬಂದಿತೆಂಬುದನ್ನು ತಿಳಿಯಲು ನಮ್ಮ ಶಿರೂರಿನಲ್ಲಿ ಪಂಚಾಂಗವನ್ನು ತೆರೆಯಬೇಕಾಗಿಲ್ಲ, ಮೂಗೇ ತಿಳಿಸುತ್ತದೆ. ಮಾಳಿಗೆಗಳ ಮೇಲೆ ಮೆಣಸಿನಕಾಯಿ ಹರವಿರುತ್ತದೆ; ಖಾರ ಕುಟ್ಟುವ ಗಿರಣಿಯ ಮುಂದೆ ಡಬ್ಬಿಗಳ ಸಾಲು ಬೆಳೆದಿರುತ್ತದೆ; ಬೀದಿಯಲ್ಲಿ ಹೋಗುವವರು ಸೀನುತ್ತ ಹೋಗುತ್ತಾರೆ. ಗೃಹಿಣಿಯರು ವರ್ಷದ ಖಾರವನ್ನು ಸಿದ್ಧಪಡಿಸಿಕೊಳ್ಳುವ ಕಾಲವದು. ಈ ಕಾರ್ಯದಲ್ಲಿ ಗಂಡಸರಾದ ನಮಗೆ ಇರುವ ಅಧಿಕಾರವು ಚೀಲವನ್ನು ಹೊತ್ತು ತರುವಷ್ಟು ಮಾತ್ರ.

ನಾನು ಮೂವತ್ತೈದು ವರ್ಷಗಳವರೆಗೆ ಮಕ್ಕಳಿಗೆ ಅಕ್ಷರವನ್ನೂ ಅಂಕವನ್ನೂ ಕಲಿಸಿ ಈಗ ವಿಶ್ರಾಂತಿಯಿಂದಿರುವ ಮನುಷ್ಯ. ಕೆಲಸವಿಲ್ಲದವನಿಗೆ ಮಾತು ಹೆಚ್ಚು. ಈ ವರ್ಷ ನಮ್ಮ ಮನೆಯಾಕೆಯು ಮೊರದ ಮುಂದೆ ಕುಳಿತು ಒಂದೊಂದೇ ಕಾಯಿಯನ್ನು ಕೈಗೆತ್ತಿಕೊಂಡು, ಬಾಗಿಸಿ, ಮುರಿದು, ಮೂಸಿ, ಮಳೆಗೆ ಸಿಕ್ಕು ಬಿಳಿಚಿದುದನ್ನು ಬೇರೆ ಇಡುತ್ತಿರುವುದನ್ನು ನೋಡಿ, “ಇಷ್ಟೇಕೆ ಶ್ರಮ? ಅಂಗಡಿಯಲ್ಲಿ ಚೆಲುವಾದ ಪೊಟ್ಟಣಗಳಲ್ಲಿ ಪುಡಿಯೇ ಸಿಕ್ಕುವುದಲ್ಲ!” ಎಂದೆನು. ಅವಳು ತಲೆಯೆತ್ತದೆಯೇ ಉತ್ತರಕೊಟ್ಟಳು: “ಇಡೀ ಕಾಯಿ ತನ್ನ ಕಥಿ ತಾನೇ ಹೇಳತೈತ್ರಿ. ಪುಡಿ ಮಾತಾಡಂಗಿಲ್ಲ. ಕುಟ್ಟಿದವ್ರು ಏನ್ ಹೇಳತಾರ, ಅದೇ ಅದರ ಮಾತು.”

ನಾನು ನಕ್ಕು ಸುಮ್ಮನಾದೆನು. ಆದರೆ ಆ ಮಾತು ಎಷ್ಟು ದೂರದ ಮಾತೆಂಬುದು ನನಗೆ ತಿಳಿದುದು ನಾಲ್ಕು ದಿನಗಳ ಮೇಲೆ.

ಅಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಊರಿನಲ್ಲಿ ಅವನ ಸೋದರಮಾವನ ಮನೆಯ ಮದುವೆ. ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಲೆಕ್ಕದಲ್ಲಿ ಅವನಷ್ಟು ಚುರುಕಾದ ಹುಡುಗನು ಮತ್ತೊಬ್ಬನಿರಲಿಲ್ಲ. ಈಗ ಬ್ಯಾಡಗಿಯ ಕಡೆ ಮೆಣಸಿನಪುಡಿ ಮಾಡುವ ಗಿರಣಿಯನ್ನಿಟ್ಟಿದ್ದಾನೆ. ಅವನ ಪುಡಿಯು ರಫ್ತುದಾರರ ಕೈಗೆ ಹೋಗಿ, ಅಲ್ಲಿಂದ ಹಡಗನ್ನೇರುತ್ತದೆ. ಕಾಲಿಗೆ ಬಿದ್ದು, ಒಂದು ಚೀಲವನ್ನು ನನ್ನ ಮುಂದಿಟ್ಟು, “ಮಾಸ್ತರ್ರೇ, ಇದು ನಮ್ಮ ಗಿರಣಿ ಖಾರ. ಅವ್ವಾರಿಗೆ ಕೊಡ್ರಿ,” ಎಂದನು. ಬಿಚ್ಚಿ ನೋಡಿದರೆ ದಾಸವಾಳದ ಹೂವಿನಂತಹ ಕೆಂಪು.

ಬ್ಯಾಡಗಿಯ ಹೆಸರನ್ನು ಕೇಳದ ಅಡಿಗೆಮನೆಯು ಕನ್ನಡನಾಡಿನಲ್ಲಿಲ್ಲ. ಹಾವೇರಿ ಜಿಲ್ಲೆಯ ಆ ಊರಿನ ಹೆಸರೇ ಕಾಯಿಗೂ ಬಂದಿದೆ; ೨೦೧೧ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆಯೂ ಅದಕ್ಕೆ ದೊರೆಯಿತು. ಉದ್ದವಾಗಿ ಸುಕ್ಕುಸುಕ್ಕಾಗಿರುವುದು ಕಡ್ಡಿ. ಗಿಡ್ಡವಾಗಿ ಉಬ್ಬಿದುದು ಡಬ್ಬಿ. ಎರಡರಲ್ಲಿಯೂ ಖಾರ ಕಡಿಮೆ, ಬಣ್ಣ ಹೆಚ್ಚು. ಈ ಬಣ್ಣಕ್ಕಾಗಿಯೇ ಜಗತ್ತು ಅದನ್ನು ಬಯಸುತ್ತದೆ. ಪುಡಿಯಾಗಿ ಹೋಗುವುದೊಂದು ಬಗೆ. ಕಾಯಿಯಿಂದ ಬಣ್ಣದ ಸತ್ತ್ವವನ್ನೇ ಹಿಂಡಿ ತೆಗೆದು, ಓಲಿಯೋರೆಸಿನ್ ಎಂಬ ಎಣ್ಣೆಯಂತಹ ದ್ರವವನ್ನಾಗಿ ಮಾಡಿ ಕಳುಹಿಸುವುದು ಇನ್ನೊಂದು ಬಗೆ. ಪರದೇಶದ ಸಾಸು, ಮಾಂಸದ ತಿನಿಸು, ಕಡೆಗೆ ಹೆಂಗಸರ ತುಟಿಯ ರಂಗು, ಇವೆಲ್ಲವುಗಳಲ್ಲಿ ನಮ್ಮ ಎರೆಹೊಲದ ಕೆಂಪು ಸೇರಿಕೊಂಡಿದೆಯೆಂದರೆ ಆಶ್ಚರ್ಯವಲ್ಲವೇ!

ಸಂಸ್ಕೃತ ಓದಿದವನಾದುದರಿಂದ ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ಇದೇ ಶಿಷ್ಯನು ಬಾಲ್ಯದಲ್ಲಿ ಒಮ್ಮೆ, “ಮೆಣಸಿನಕಾಯಿಗೆ ಸಂಸ್ಕೃತದಾಗ ಏನಂತಾರ್ರೀ?” ಎಂದು ಕೇಳಿದ್ದನು. ನಾನು ಗಂಭೀರವಾಗಿ “ಮರೀಚ” ಎಂದಿದ್ದೆನು. ಅದು ತಪ್ಪು. ಮರೀಚವೆಂದರೆ ಕಾಳುಮೆಣಸು. ನಮ್ಮ ಪೂರ್ವಿಕರು ಮೆಣಸಿನಕಾಯಿಯನ್ನು ಕಂಡೇ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ. ೧೪೯೨ರಲ್ಲಿ ಕೊಲಂಬಸನು ಅಲ್ಲಿಗೆ ಮುಟ್ಟಿದ ಮೇಲೆ ಸಮುದ್ರವನ್ನು ದಾಟಿತು. ಪೋರ್ತುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿತು. ಮೆಣಸಿನ ಕೆಲಸವನ್ನೇ ಮಾಡುವ ಈ ಕಾಯಿಗೆ ನಮ್ಮವರು ಮೆಣಸಿನ ಹೆಸರನ್ನೇ ಕೊಟ್ಟು ಮನೆಯೊಳಗೆ ಸೇರಿಸಿಕೊಂಡರು. ಕಾಳುಮೆಣಸನ್ನು ಕೊಳ್ಳಲು ಬಂದವರು ನಮಗೆ ಮೆಣಸಿನಕಾಯಿಯನ್ನು ಕೊಟ್ಟುಹೋದರು. ಈಗ ನಾವು ಅದನ್ನೇ ಜಗತ್ತಿಗೆ ಮಾರುತ್ತಿದ್ದೇವೆ. ವ್ಯಾಪಾರದ ಗತಿ ವಿಚಿತ್ರವಾದುದು.

ಚಹಾ ಆದ ಮೇಲೆ ನಾನು ಶಿಷ್ಯನನ್ನು ಕೇಳಿದೆನು: “ಒಂದು ವರ್ಷದ ಬೆಳೆಯಂತೆ ಇನ್ನೊಂದು ವರ್ಷದ್ದಿರುವುದಿಲ್ಲ, ಒಂದು ಹೊಲದ ಕಾಯಿಯಂತೆ ಪಕ್ಕದ ಹೊಲದ್ದಿರುವುದಿಲ್ಲ. ಹೀಗಿರಲು ಸಾವಿರಾರು ಚೀಲಗಳಲ್ಲಿ ಒಂದೇ ಕೆಂಪು ಹೇಗೆ ಬರುತ್ತದಪ್ಪಾ?”

ಅವನ ಮುಖವು ಅರಳಿತು. “ನೀವೇ ಕಲಿಸಿದ ಲೆಕ್ಕ, ಮಾಸ್ತರ್ರೇ. ಮಿಶ್ರಣದ ಲೆಕ್ಕ!”

ಅವನು ವಿವರಿಸಿದುದು ಹೀಗೆ. ಅಮೆರಿಕದ ಸಂಬಾರ ವ್ಯಾಪಾರಿಗಳ ಸಂಘವು ಕೆಂಪನ್ನು ಅಳೆಯುವುದಕ್ಕೆ ಒಂದು ಮಾನವನ್ನು ಗೊತ್ತುಮಾಡಿದೆ. ನಾವು ಕೆಂಪು, ಕಡುಗೆಂಪು ಎಂದು ಕಣ್ಣಿನಿಂದ ಹೇಳುವುದನ್ನು ಅವರು ಯಂತ್ರದಿಂದ ಅಳೆದು ಅಂಕಿಯಲ್ಲಿ ಹೇಳುತ್ತಾರೆ. ಕೊಳ್ಳುವವನಿಗೆ ೧೮೦ರ ಬಣ್ಣ ಬೇಕು. ಇವನ ಕೋಠಿಯಲ್ಲಿ ೨೦೦ರ ಕಾಯಿಯೊಂದು ರಾಶಿ, ೧೨೦ರದು ಇನ್ನೊಂದು ರಾಶಿ. ಮೊದಲನೆಯದರ ಮೂರು ಪಾಲಿಗೆ ಎರಡನೆಯದರ ಒಂದು ಪಾಲು ಸೇರಿಸಿದರೆ ಸರಿಯಾಗಿ ೧೮೦. ತೊಟ್ಟು ಬಿಡಿಸಿ, ಕಲ್ಲುಮಣ್ಣು ತೆಗೆದು, ಬೀಸಿ, ಜರಡಿ ಹಿಡಿದು, ಬಿಸಿ ಹಬೆಯಿಂದ ಕ್ರಿಮಿಗಳನ್ನು ಕಳೆದು, ಚೀಲ ಕಟ್ಟಿದರಾಯಿತು.

ಕೇಳುತ್ತ ಕೇಳುತ್ತ ನನಗೆ ಹೆಮ್ಮೆಯಾಯಿತು. ಮಿಶ್ರಣದ ಲೆಕ್ಕವು ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಮಿಶ್ರಕವ್ಯವಹಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ನಮ್ಮ ಮನೆಯಿಂದ ಬಹುದೂರವಲ್ಲದ ಐಹೊಳೆಯ ಹೆಸರಿನಿಂದ ಪ್ರಸಿದ್ಧರಾದ ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘದವರು ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರಗಳನ್ನು ದೇಶದೇಶಗಳಿಗೆ ಸಾಗಿಸುತ್ತಿದ್ದರು. ಸುಮಾತ್ರಾ ದ್ವೀಪದ ಬಾರುಸಿನಲ್ಲಿ ೧೦೮೮ರ ಶಾಸನವೊಂದು ಅವರನ್ನು ಸ್ಮರಿಸುತ್ತದೆ. ತಮ್ಮ ಕಟ್ಟಳೆಯನ್ನು ಅವರು ‘ವೀರಬಣಂಜುಧರ್ಮ’ವೆಂದು ಕರೆದುಕೊಂಡರು, ವ್ಯಾಪಾರದ ಕಟ್ಟಳೆಗೆ ಧರ್ಮವೆಂಬ ಹೆಸರು! ಆ ನೆಲದ ಹುಡುಗನು ನನ್ನಲ್ಲಿ ಕಲಿತ ಲೆಕ್ಕದಿಂದ ಸಮುದ್ರದಾಚೆ ಮಾಲು ಕಳುಹಿಸುತ್ತಿದ್ದಾನೆಂದರೆ ಮುದಿ ಮಾಸ್ತರನು ಬೀಗಿದುದು ಕ್ಷಮ್ಯವೆಂದು ವಾಚಕರು ಒಪ್ಪಿಯಾರು.

ಆದರೆ ಶಿಷ್ಯನ ಮುಖವು ಮೆಲ್ಲಗೆ ಬಾಡಿತು. ಸ್ವಲ್ಪ ಹೊತ್ತು ಚಾಪೆಯ ಅಂಚನ್ನು ಕೆದಕುತ್ತಿದ್ದು, “ಒಂದ್ಸಲ ಆ ಲೆಕ್ಕಾನ ತಪ್ಪಾಗಿ ಮಾಡೀನ್ರಿ,” ಎಂದನು.

ಹನ್ನೆರಡು ವರ್ಷಗಳ ಹಿಂದಿನ ಮಾತಂತೆ. ಗಿರಣಿ ಹಾಕಿದ ಹೊಸದು, ಸಾಲದ ಹೊರೆ. ಆ ವರ್ಷ ಕಣದಲ್ಲಿ ಒಣಗುತ್ತಿದ್ದ ಕಾಯಿಗೆ ಅಕಾಲದ ಮಳೆ ಹೊಡೆಯಿತು, ಬಣ್ಣ ಇಳಿಯಿತು. ಒಪ್ಪಿಕೊಂಡ ಅಂಕಿ ದೊಡ್ಡದು. ಕೈಯಲ್ಲಿದ್ದ ಕಾಯಿಯ ಅಂಕಿ ಸಣ್ಣದು. ಒಳ್ಳೆಯ ಕಾಯಿಯನ್ನು ಕೊಂಡು ಬೆರೆಸೋಣವೆಂದರೆ ಹಣವಿಲ್ಲ. ಆಗ ಯಾರೋ ಒಬ್ಬನು ಒಂದು ಪೊಟ್ಟಣವನ್ನು ಕೈಗಿತ್ತನು. ಕ್ವಿಂಟಲಿಗೆ ಇಷ್ಟು ಚಿಟಿಕೆಯೆಂದನು. ಇವನು ರಾತ್ರಿ ಕುಳಿತು, ಕಾಗದದ ಮೇಲೆ, ನನ್ನ ಕ್ರಮದಲ್ಲಿಯೇ ಲೆಕ್ಕವನ್ನು ಮಾಡಿದನು. ಉತ್ತರ ಸರಿಯಾಗಿ ಬಂದಿತು.

ವಾಚಕರಲ್ಲಿ ಕೆಲವರಿಗೆ ನೆನಪಿರಬಹುದು. ಸುಡಾನ್ ಎಂಬ ಹೆಸರಿನ ಕೆಂಪುಬಣ್ಣಗಳು ಮೇಣಕ್ಕೂ ಪಾದರಕ್ಷೆಯ ಪಾಲಿಶಿಗೂ ಹಾಕತಕ್ಕವು. ಕ್ಯಾನ್ಸರಿನ ಭಯದಿಂದ ಆಹಾರದಲ್ಲಿ ನಿಷಿದ್ಧವಾದವು. ೨೦೦೩ರಲ್ಲಿ ಫ್ರಾನ್ಸಿನವರು ನಮ್ಮ ದೇಶದ ಮೆಣಸಿನಪುಡಿಯ ಪದಾರ್ಥಗಳಲ್ಲಿ ಅಂತಹ ಬಣ್ಣವನ್ನು ಕಂಡುಹಿಡಿದರು. ಪರೀಕ್ಷಾಪತ್ರವಿಲ್ಲದ ಮೆಣಸಿನಪುಡಿಯು ಒಳಗೆ ಬರಕೂಡದೆಂದು ಯುರೋಪಿನ ಒಕ್ಕೂಟವು ಅದೇ ವರ್ಷ ಕಟ್ಟುಮಾಡಿತು. ೨೦೦೫ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಾಸಿಗೆ ಬಿದ್ದ ಕಲಬೆರಕೆಯ ಮೆಣಸಿನಪುಡಿಯಿಂದಾಗಿ, ಆ ಸಾಸು ಸೇರಿದ್ದ ೪೦೦ಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ಹಿಂತೆಗೆಯಬೇಕಾಯಿತು. ಒಂದು ಚಿಟಿಕೆ ಪುಡಿಯಾದ ಮೇಲೆ ಎಲ್ಲೆಲ್ಲಿ ಸೇರುತ್ತದೆಂಬುದನ್ನು ಹಿಂಬಾಲಿಸಿ ಹಿಡಿಯುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಕೊಚ್ಚಿಯಲ್ಲಿ ಮುಖ್ಯ ಕಚೇರಿಯಿರುವ ನಮ್ಮ ಸಂಬಾರ ಮಂಡಳಿಯವರೂ ಅಂದಿನಿಂದ ಹೊರಗೆ ಹೋಗುವ ಮೆಣಸಿನಕಾಯಿಯ ಮಾಲನ್ನು ಈ ಬಣ್ಣಕ್ಕಾಗಿ ಪರೀಕ್ಷಿಸುವುದನ್ನು ಕಡ್ಡಾಯಮಾಡಿದರು.

ಆದುದರಿಂದ ನನ್ನ ಶಿಷ್ಯನ ಪುಡಿಯು ಹಡಗನ್ನೇರಲೇ ಇಲ್ಲ. ರಫ್ತುದಾರರ ಪ್ರಯೋಗಶಾಲೆಯಲ್ಲಿಯೇ ಸಿಕ್ಕಿಬಿದ್ದಿತು. ಮಾಲು ಹಿಂದಕ್ಕೆ ಬಂದಿತು. ತಂದೆಯ ಹೊಲವು ಒತ್ತೆಗೆ ಹೋಯಿತು. ಎರಡು ವರ್ಷ ಯಾರೂ ಅವನ ಬಾಗಿಲಿಗೆ ಬರಲಿಲ್ಲ.

“ಆ ಪುಡಿ ಏನಾಯಿತು?” ಎಂದು ಕೇಳಿದೆನು.

“ಅರ್ಧ ಮಣ್ಣಾಗ ಹೂಳಿದೆ, ಮಾಸ್ತರ್ರೇ.”

ಉಳಿದರ್ಧವೇನಾಯಿತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಕಳೆಯುವ ಲೆಕ್ಕವನ್ನೂ ನಾನೇ ಅವನಿಗೆ ಕಲಿಸಿದ್ದೆನು. ಪರದೇಶದ ಬಂದರಿನಲ್ಲಿ ಪರೀಕ್ಷೆಯುಂಟು. ನಮ್ಮ ಸಂತೆಯಲ್ಲಿ ಚಾಪೆಯ ಮೇಲೆ ರಾಶಿಹಾಕಿದ ಖಾರವನ್ನು ಕೂಲಿಯ ಹೆಂಗಸು ಸಂಜೆಗೆ ಛಟಾಕಿನಷ್ಟು ಕೊಂಡುಹೋಗುವಾಗ ಪರೀಕ್ಷಿಸುವವರು ಯಾರು? ದೂರದವರು ಬೇಡವೆಂದುದನ್ನು ಹತ್ತಿರದವರ ಮಕ್ಕಳು ಉಂಡರೇ? ಆ ವರ್ಷ ನಮ್ಮ ಮನೆಗೂ ಸಂತೆಯ ಖಾರ ಬಂದಿದ್ದಿತೋ ಏನೋ.

ಸ್ವಲ್ಪ ಹೊತ್ತಿನ ಮೇಲೆ ಅವನು ನಗುವಂತೆ ಮಾಡಿ, “ಏನ್ ಬೆರಸಬೇಕು, ಎಷ್ಟು ಬೆರಸಬೇಕು ಅಂತ ನೀವು ಚೆಂದ ಹೇಳಿಕೊಟ್ರಿ. ಏನ್ ಬೆರಸಬಾರದು ಅನ್ನೋದು ಲೆಕ್ಕದಾಗ ಬರಲಿಲ್ಲ ನೋಡ್ರಿ,” ಎಂದನು. ನನ್ನನ್ನು ದೂರಬೇಕೆಂಬ ಉದ್ದೇಶ ಅವನಿಗೆ ಸರ್ವಥಾ ಇರಲಿಲ್ಲ. ಆದರೂ ಆ ಮಾತು ಎದೆಗೆ ನಾಟಿತು. ಏಕೆಂದರೆ ನನಗೆ ಒಂದು ಲೆಕ್ಕ ನೆನಪಾಯಿತು.

ಒಬ್ಬ ಹಾಲಿನವನು ಹಾಲಿಗೆ ನೀರು ಬೆರೆಸಿ, ಕೊಂಡ ಬೆಲೆಗೇ ಮಾರಿ, ಶೇಕಡಾ ೨೫ ಲಾಭ ಪಡೆದನು. ಹಾಗಾದರೆ ನಾಲ್ಕು ಲೀಟರು ಹಾಲಿಗೆ ಎಷ್ಟು ನೀರು ಬೆರೆಸಿದನು? ಈ ಲೆಕ್ಕವನ್ನು ಮಾಡದೆ ಶಾಲೆಯನ್ನು ದಾಟಿದವರು ನಮ್ಮಲ್ಲಿ ವಿರಳ. ನಾನು ಅದನ್ನು ಮೂವತ್ತೈದು ವರ್ಷ ಹಲಗೆಯ ಮೇಲೆ ಬರೆದಿದ್ದೇನೆ. “ಒಂದು ಲೀಟರು” ಎಂದು ಮೊದಲು ಕೂಗಿದವನ ಬೆನ್ನು ತಟ್ಟಿದ್ದೇನೆ. ಈ ಶಿಷ್ಯನ ಬೆನ್ನನ್ನೂ ತಟ್ಟಿರಲೇಬೇಕು. ಆ ಹಾಲನ್ನು ಯಾವ ಕೂಸು ಕುಡಿಯಿತು, ಆ ಹಾಲಿನವನು ಮಾಡಿದುದು ಸರಿಯೇ ಎಂದು ಒಂದು ದಿನವಾದರೂ ಕೇಳಿದೆನೆ? ಇಲ್ಲ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಸತ್ಯವನ್ನು ಹೇಳಿಸಿ, ಮಧ್ಯಾಹ್ನ ಗಣಿತದಲ್ಲಿ ನೀರು ಬೆರೆಸುವುದನ್ನು ಹೇಳಿಕೊಟ್ಟವನು ನಾನು. ಎರಡೂ ಪಾಠಗಳಿಗೆ ನಡುವೆ ಗಂಟೆ ಬಾರಿಸುತ್ತಿತ್ತು. ಅಷ್ಟರಿಂದಲೇ ಅವೆರಡೂ ಬೇರೆಬೇರೆ ಎಂದು ಮಕ್ಕಳು ತಿಳಿದರೆ ತಪ್ಪು ಯಾರದು?

ಹಳಬರು ಇದನ್ನು ಬಲ್ಲವರಾಗಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳು ಅದನ್ನು ೧೯೦೯ರಲ್ಲಿ ಅಚ್ಚುಹಾಕಿಸಿದ ಸಂಗತಿಯು ಕನ್ನಡಿಗರಿಗೆಲ್ಲ ಅಭಿಮಾನದ ವಿಷಯ. ಆ ಗ್ರಂಥದಲ್ಲಿ ಧಾನ್ಯ, ಎಣ್ಣೆ, ಉಪ್ಪು, ಸುಗಂಧ, ಔಷಧಿಗಳಲ್ಲಿ ಅದೇ ಬಣ್ಣದ ಬೇರೆ ವಸ್ತುವನ್ನು ಸೇರಿಸಿದವನಿಗೆ ೧೨ ಪಣಗಳ ದಂಡವನ್ನು ವಿಧಿಸಿದೆ. ಅಲ್ಲಿ ಬರುವ ಶಬ್ದ ‘ಸಮವರ್ಣ’. ಕಣ್ಣನ್ನು ವಂಚಿಸುವುದೇ ಈ ಅಪರಾಧದ ಮೂಲವೆಂಬುದನ್ನು ಆ ಒಂದು ಶಬ್ದವು ಹಿಡಿದಿಟ್ಟಿದೆ. ಪಶ್ಚಿಮದವರಿಗೂ ಈ ಪೀಡೆ ಇಲ್ಲದಿರಲಿಲ್ಲ. ೧೮೨೦ರಲ್ಲಿ ಲಂಡನ್ನಿನಲ್ಲಿ ಫ್ರೆಡರಿಕ್ ಆಕುಂ ಎಂಬ ರಸಾಯನಶಾಸ್ತ್ರಜ್ಞನು ಆಹಾರದ ಕಲಬೆರಕೆಗಳ ಮೇಲೆ ಬರೆದ ಪುಸ್ತಕದಲ್ಲಿ, ಮೆಣಸಿನ ಕಾಳಿನಂತೆ ಉಂಡೆಕಟ್ಟಿದ ಹುಸಿ ಮೆಣಸಿನ ವಿಷಯವೂ ಇದೆ. ಅವರ ವರ್ತಕರು ನಮ್ಮ ವರ್ತಕರಿಗಿಂತ ಸಾಧುಗಳೆಂದೇನೂ ಅಲ್ಲ. ಪರೀಕ್ಷಿಸುವ ಕಣ್ಣು ಅವರಲ್ಲಿ ಮೊದಲು ತೆರೆಯಿತು, ಅಷ್ಟೆ.

ಈಗ ನಮ್ಮ ದೇಶವು ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಾರವನ್ನು ಬೆಳೆಯುವ, ತಿನ್ನುವ, ಹೊರಗೆ ಕಳುಹಿಸುವ ದೇಶ. ೨೦೨೩-೨೪ರಲ್ಲಿ ಹೊರಗೆ ಹೋದ ಸಂಬಾರದ ಬೆಲೆ ೪೦೦ ಕೋಟಿ ಡಾಲರುಗಳಿಗೂ ಮಿಕ್ಕುದು. ತೂಕದಲ್ಲಿ ಮೆಣಸಿನಕಾಯಿಯದೇ ಮೊದಲ ಸ್ಥಾನ. ಆದರೂ ೨೦೨೪ರ ಏಪ್ರಿಲಿನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದವರು ನಮ್ಮ ಕೆಲವು ಮಸಾಲೆಪುಡಿಗಳನ್ನು ತಡೆದರು. ಈ ಸಲ ದೋಷವು ಬಣ್ಣದ್ದಲ್ಲ. ಕ್ರಿಮಿಗಳನ್ನು ಕೊಲ್ಲಲು ಹಾಯಿಸುವ ಎಥಿಲೀನ್ ಆಕ್ಸೈಡ್ ಎಂಬ ಅನಿಲದ ಶೇಷ. ಒಂದು ದೇಶವು ಒಪ್ಪುವ ಪ್ರಮಾಣವನ್ನು ಇನ್ನೊಂದು ದೇಶವು ಒಪ್ಪುವುದಿಲ್ಲವೆಂಬುದು ನಿಜ. ಆದರೆ ಅಂತಹ ಸುದ್ದಿಯ ಭಾರವು ಕಡೆಗೆ ಬೀಳುವುದು ಯಾರ ಬೆನ್ನಿನ ಮೇಲೆ? ಪುಡಿಯ ಹೆಸರು ಕೆಟ್ಟರೆ ಕಾಯಿಯ ಬೆಲೆ ಬೀಳುತ್ತದೆ. ಕಾಯಿಯ ಬೆಲೆ ಬಿದ್ದರೆ ಏನಾಗುತ್ತದೆಂಬುದನ್ನು ನಾವು ಕಂಡಿದ್ದೇವೆ. ಅದೇ ವರ್ಷದ ಮಾರ್ಚ್ ೧೧ರಂದು, ಆ ಸುದ್ದಿ ಬರುವುದಕ್ಕೆ ಮೊದಲೇ, ಬೇರೆ ಕಾರಣಗಳಿಂದ ದರ ಕುಸಿದಾಗ, ರೊಚ್ಚಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆಯ ಕಚೇರಿಗೆ ಕಲ್ಲುತೂರಿ, ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿಯಿಡುವುದು ಸರಿಯಲ್ಲ. ಆದರೆ ವರ್ಷವಿಡೀ ಬೆವರು ಸುರಿಸಿದವನಿಗೆ, ತನ್ನ ಕಾಯಿಯ ಬೆಲೆಯನ್ನು ಕಾಣದ ಊರಿನ ಕಾಣದ ಜನರು ಗೊತ್ತುಮಾಡುವರೆಂಬುದು ಎಂತಹ ಸಂಕಟ! ಅಂತಹವನ ಬೆಳೆಗೆ ಪೊಟ್ಟಣದ ಬಣ್ಣವನ್ನು ಸುರಿಯುವವನು ಮೊದಲು ಕೆಡಿಸುವುದು ಅವನ ಅನ್ನವನ್ನು.

ಇಷ್ಟು ಮಾತನಾಡುವಷ್ಟರಲ್ಲಿ ಸೂರ್ಯನು ನೆತ್ತಿಗೆ ಬಂದಿದ್ದನು. ಅಡಿಗೆಮನೆಯ ಬಾಗಿಲಿನಲ್ಲಿ ನಮ್ಮ ಮನೆಯಾಕೆ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳೆಂದು ಅವಳ ಮುಖದಿಂದ ತಿಳಿಯುತ್ತಿದ್ದಿತು. ಶಿಷ್ಯನು ಅವಳನ್ನು ಕಂಡು ಎದ್ದು ನಿಂತು, “ಅವ್ವಾರ, ಒಂದು ಗಾಜಿನ ಲೋಟದಾಗ ನೀರು ಕೊಡ್ರಿ,” ಎಂದನು. ನೀರು ಬಂದಿತು. ತಾನು ತಂದ ಚೀಲದಿಂದ ಒಂದು ಚಿಟಿಕೆ ಖಾರವನ್ನು ತೆಗೆದು ಮೆಲ್ಲಗೆ ನೀರಿನ ಮೇಲೆ ಉದುರಿಸಿದನು. ಬಣ್ಣ ಹಾಕಿದ ಪುಡಿಯಾದರೆ ನೀರಿನಲ್ಲಿ ಕೆಂಪು ಎಳೆಗಳು ಕೆಳಕ್ಕೆ ಇಳಿಯುತ್ತವಂತೆ. ಹಾಗೇನೂ ಇಳಿಯಲಿಲ್ಲ. ಮನೆಯಾಕೆಯ ಮುಖ ಸಡಿಲವಾಯಿತು. ಆದರೆ ಅವನೇ ತಲೆಯಲ್ಲಾಡಿಸಿದನು: “ಇದು ನೀರಾಗ ಕರಗೋ ಬಣ್ಣಕ್ಕಷ್ಟೇ ರೀ. ನಾನು ಅವತ್ತು ಬೆರೆಸಿದ್ದು ಎಣ್ಣ್ಯಾಗ ಕರಗೋದು. ಅದು ಲೋಟದಾಗ ಕಾಣಂಗಿಲ್ಲ. ಅದಕ್ಕ ಪ್ರಯೋಗಶಾಲೆನೇ ಬೇಕು. ಈಗ ಪ್ರತಿ ಪಾಳಿಗೂ ಮಾಡಸ್ತೀನಿ. ಆದ್ರ ನಿಮಗ ತೋರ್ಸಾಕ ನನ್ನ ಹತ್ರ ಏನೂ ಇಲ್ಲ, ನನ್ನ ಮಾತು ಬಿಟ್ರ.”

ಈ ಮಾತನ್ನು ಅವನು ಹೇಳದೆ ಇರಬಹುದಾಗಿತ್ತು. ಲೋಟದ ನೀರನ್ನು ನೋಡಿ ನಾವು ಸಮಾಧಾನಗೊಂಡಿದ್ದೆವು. ಹೇಳಿದನಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು.

ನಮ್ಮ ಮನೆಯಾಕೆ ಏನನ್ನೂ ಮಾತನಾಡದೆ ಚೀಲವನ್ನು ಎತ್ತಿಕೊಂಡು ಒಳಗೆ ಹೋದಳು. ಮಧ್ಯಾಹ್ನ ಜೋಳದ ರೊಟ್ಟಿಯೊಡನೆ ಬದನೆಯ ಎಣ್ಣೆಗಾಯಿ ಬಂದಿತು. ಹೊಸ ಖಾರದ ಕೆಂಪು ಎಣ್ಣೆಯ ಮೇಲೆ ತೇಲುತ್ತಿದ್ದಿತು. ಅವನಿಗೂ ಬಡಿಸಿದಳು, ನನಗೂ ಬಡಿಸಿದಳು, ತಾನೂ ಹಾಕಿಕೊಂಡಳು. ಅವನು ಮೊದಲ ತುತ್ತನ್ನು ಬಾಯಿಗಿಡುವಾಗ ಕಣ್ಣಲ್ಲಿ ನೀರು ಬಂದಿತು. ಖಾರ ಹೆಚ್ಚಾಯಿತೇ ಎಂದು ಅವಳು ಕೇಳಿದಳು. ಬ್ಯಾಡಗಿಯ ಕಾಯಿಯ ಖಾರವು ಅಷ್ಟು ಹೆಚ್ಚಲ್ಲವೆಂಬುದನ್ನು ಮೂವರೂ ಬಲ್ಲೆವು.

ಮರುದಿನ ಸಂಜೆ ನೆರೆಮನೆಯ ಹುಡುಗನು ಎಂದಿನಂತೆ ಗಣಿತದ ಪುಸ್ತಕವನ್ನು ತೆಗೆದುಕೊಂಡು ಬಂದನು. ದೈವಯೋಗವೋ ಏನೋ, ಲಾಭನಷ್ಟದ ಅಧ್ಯಾಯವೇ ಅಂದಿನ ಪಾಠ. ಹಾಲಿನವನು ಇನ್ನೂ ನೀರು ಬೆರೆಸುತ್ತಲೇ ಇದ್ದಾನೆ. ಹುಡುಗನು ಬೆರಳು ಮಡಿಸಿ, ತುಟಿ ಅಲ್ಲಾಡಿಸಿ, “ಒಂದು ಲೀಟರು!” ಎಂದನು. ನನ್ನ ಕೈ ಅಭ್ಯಾಸದಿಂದ ಅವನ ಬೆನ್ನಿನ ಕಡೆಗೆ ಹೋದುದು ಅರ್ಧಕ್ಕೆ ನಿಂತಿತು.

“ಉತ್ತರ ಸರಿ,” ಎಂದೆನು. “ಇನ್ನೊಂದು ಪ್ರಶ್ನೆಯಿದೆ. ಪುಸ್ತಕದಲ್ಲಿ ಅದನ್ನು ಬರೆದಿಲ್ಲ. ಆ ಹಾಲನ್ನು ಕುಡಿದವರು ಯಾರು?”

ಹುಡುಗನು ಪುಸ್ತಕವನ್ನು ತಿರುವಿಹಾಕಿ, ಹಿಂದಿನ ಉತ್ತರಗಳ ಪುಟದಲ್ಲಿಯೂ ಹುಡುಕಿ, ನನ್ನ ಮುಖವನ್ನು ನೋಡಿದನು. ನಾನು ಕಾದುಕುಳಿತೆನು.